ಶಾಲೆ ಅಂಗಳದ ಒಂದೇ ಒಲೆ

ಜುಲೈ 22, ಸೋಮವಾರ

ಪೇಪರ್ ಇವತ್ತೂ ತಡ. ಬನಹಟ್ಟಿಯಿಂದ ಬರುವ ಮೊದಲ ಬಸ್ಸು ಬರಲೇ ಇಲ್ಲ. ಅರಿವು ಕೇಂದ್ರದ ಬಾಗಿಲು ತೆರೆದು, ಕಸ ಗುಡಿಸಿ, ನಿನ್ನೆಯ ಪೇಪರನ್ನೇ ಮೇಜಿನ ಮೇಲೆ ಹರಡಿದೆ. ಪೊಲೀಸ್ ಪರೀಕ್ಷೆಗೆ ಓದುವ ಹುಡುಗರು ಬಂದು ಕೂತರು. ನಿನ್ನೆಯದೆಂದು ಒಬ್ಬನಿಗೂ ಗೊತ್ತಾಗಲಿಲ್ಲ. ಹೆಸರು ಮಾತ್ರ ದೊಡ್ಡದು — ಡಿಜಿಟಲ್ ಗ್ರಂಥಾಲಯ. ಇರುವುದು ಎರಡು ಕೋಣೆ, ಒಂದು ಕಂಪ್ಯೂಟರ್, ಮೇಲ್ವಿಚಾರಕಿ ಎಂಬ ನಾನು.

ಮಳೆ ಇಲ್ಲಿ ಜಿಟಿಜಿಟಿ ಅಷ್ಟೇ. ಆದರೆ ನಮ್ಮ ಕೃಷ್ಣೆ ನಮ್ಮ ಮಳೆಗೆ ತುಂಬುವವಳಲ್ಲ. ಮೇಲೆ ಮಹಾರಾಷ್ಟ್ರದಲ್ಲಿ ಸುರಿದದ್ದು ಇಲ್ಲಿ ಬಾಗಿಲಿಗೆ ಬರುತ್ತದೆ. ಬೆಳಿಗ್ಗೆ ಸಾಂಗ್ಲಿಯಿಂದ ಮಾಮಾನ ಫೋನು. ನಮ್ಮ ಮನೆಮಾತು ಮರಾಠಿ, ನನ್ನವ್ವ ನನಗೆ ಆಯಿ. ಅವಳ ಜೊತೆ ಜೋರು ಮಾತು. ಅಲ್ಲಿ ಹೊಳೆಯ ಘಾಟಿನ ಮೆಟ್ಟಿಲು ಮುಳುಗಿವೆಯಂತೆ.

ಮಧ್ಯಾಹ್ನ ಮರೆವ್ವ ಬಂದಳು. ಕಾಲೇಜಿನಲ್ಲಿ ನನ್ನ ಜೂನಿಯರ್, ಈಗ ನಮ್ಮ ಪಂಚಾಯಿತಿ ಅಧ್ಯಕ್ಷೆ. ದಲಿತರ ಕೇರಿಯ ಹುಡುಗಿ. ಅವಳವ್ವ ಈಗಲೂ ಸುಗ್ಗಿಯಲ್ಲಿ ಸಮೀರವಾಡಿ ಕಡೆ ಕಬ್ಬು ಕಡಿಯಲು ಹೋಗುತ್ತಾಳೆ. ಮೀಸಲಾತಿಯಲ್ಲಿ ಇವಳು ಗೆದ್ದಾಗ, ಸಹಿ ಹಾಕಲು ಒಂದು ಹುಡುಗಿ ಸಿಕ್ಕಳು ಎಂದು ಹಿರಿಯರು ಸಮಾಧಾನಪಟ್ಟಿದ್ದರು. ಮೊದಲ ಸಭೆಯಲ್ಲೇ, ಓದದೆ ಯಾವ ಕಾಗದಕ್ಕೂ ಸಹಿ ಇಲ್ಲ ಎಂದು ಓದುತ್ತಾ ಕೂತಳು. ಚಹಾ ಆರಿತು, ಸಭೆ ಮುಗಿಯಲಿಲ್ಲ. ಆಮೇಲೆ ಯಾರೂ ಸಮಾಧಾನದಿಂದಿಲ್ಲ.

“ಪೂರ್ವಾ, ಸಾಂಗ್ಲಿ ಮಾಮಾ ಏನಂದ್ರು?”

ಹೇಳಿದೆ. ಬೆರಳಲ್ಲಿ ದಿನ ಎಣಿಸಿದಳು.

“ಹಂಗಾರ ನಮಗ ನೀರು ನಾಳಿ, ಇಲ್ಲಾಂದ್ರ ನಾಡದು ಬರ್ತೈತಿ. ಸಂಜಿಕೆ ಎಲ್ಲಾರೂ ಇಲ್ಲೇ ಕೂಡೂಣು.”

ಕೂಡಿದೆವು. ಅವಳು, ನಾನು, ಕ್ಷಮಾ, ದಾವಲ. ಕ್ಷಮಾ ಜೈನರ ಓಣಿಯ ಪಾರಿಸಪ್ಪ ಕಾಕಾನ ಮಗಳು. ಕೃಷಿ ಪದವಿ ಮುಗಿಸಿ ಅರಿಶಿನ ಬೆಳೆಯುತ್ತೇನೆಂದು ಊರಿಗೇ ವಾಪಸ್ ಬಂದವಳು. ಮನೆಯಲ್ಲಿ ಮದುವೆ ಮಾತೆತ್ತಿದರೆ ಅರಿಶಿನದ ರೇಟು ಹೇಳುತ್ತಾಳೆ. ದಾವಲ ಪವರ್‌ಲೂಮಿನವ, ಕ್ರಿಕೆಟ್ ಟೀಮಿನ ಕ್ಯಾಪ್ಟನ್. ಊರಿನ ಅರ್ಧ ಹುಡುಗರು ಅವನ ಮಾತು ಕೇಳುತ್ತಾರೆ, ಉಳಿದರ್ಧ ಅವನ ಟಂಟಂ ರಿಕ್ಷಾ ಹತ್ತುತ್ತಾರೆ.

ಮರೆವ್ವ ಹೇಳಿದ್ದು ಇಷ್ಟೇ — “ಡಂಗುರ ಹೊಡಸಿದ್ರ ಮಂದಿ ಏಳಂಗಿಲ್ಲ. ಅವರವರ ಓಣಿಗೆ ಅವರವರ ಹೋಗ್ರಿ. ಮನಿ ಒಳಗ ಹೋಗಿ ಹೇಳ್ರಿ.”

ಜುಲೈ 24, ಬುಧವಾರ. ಸಂಜೆ

ಹೊಳೆದಂಡೆಯ ಹೊಲಗಳು ಹೋದವು. ಕಬ್ಬಿನ ತುದಿ ಮಾತ್ರ ಕಾಣುತ್ತಿದೆ. ಹಿಪ್ಪರಗಿ ಬ್ಯಾರೇಜಿನ ಕಡೆಯಿಂದ ಇನ್ನೂ ನೀರು ಬರುತ್ತದೆಯಂತೆ. ದಿಬ್ಬದ ಮೇಲಿನ ಸರಕಾರಿ ಶಾಲೆಯೇ ಈಗ ನೆರೆ ಸಂತ್ರಸ್ತರ ಕಾಳಜಿ ಕೇಂದ್ರ. ಪಕ್ಕದಲ್ಲೇ ನನ್ನ ಗ್ರಂಥಾಲಯ.

ಕೇರಿ ಮಧ್ಯಾಹ್ನದೊಳಗೆ ಖಾಲಿ. ಮರೆವ್ವ ಮೊದಲು ತನ್ನ ಅವ್ವನನ್ನೇ ಎಬ್ಬಿಸಿದಳು, ಉಳಿದವರು ಹಿಂದೆ ಬಂದರು. ಜೈನರ ಓಣಿಯಲ್ಲಿ ಕ್ಷಮಾ. ಮರಾಠಿ ಮನೆಗಳಿಗೆ ನಾನು ಮತ್ತು ಆಯಿ. ಸಾಂಗ್ಲಿ ಸುದ್ದಿ ಮರಾಠಿಯಲ್ಲೇ ಹೇಳಿದರೆ ಅವರಿಗೆ ಖರೆ ಅನಿಸುತ್ತದೆ. ಅದೇನೋ.

ಮಗ್ಗದ ಓಣಿ ಮಾತ್ರ ಅಲುಗಲಿಲ್ಲ. ಮಗ್ಗ ಬಿಟ್ಟು ಹೇಗೆ ಬರುವುದು ಅಂತ. ತಹಸೀಲ್ದಾರರ ಜೀಪು ಬಂದು ಮೈಕಿನಲ್ಲಿ ಕೂಗಿ ಹೋಯಿತು. ಯಾರೂ ಹೊರಗೆ ಬರಲಿಲ್ಲ. ಆಗ ದಾವಲ ತನ್ನ ಹುಡುಗರನ್ನು ಕರೆದ.

“ಬರ್ರಿ ಅಂತ ಅನ್ನಬ್ಯಾಡ್ರಲೇ. ಪಾನಾ ಹಿಡಕೊಂಡ ಒಳಗ ಹೋಗ್ರಿ. ಮಗ್ಗದ ಮೋಟಾರ ಬಿಚ್ಚರಿ.”

ಕ್ರಿಕೆಟ್ ಟೀಮು ಸ್ಪ್ಯಾನರ್ ಹಿಡಿದು ಮನೆಮನೆಗೆ ನುಗ್ಗಿತು. ಮೋಟಾರು ಬಿಚ್ಚಿ, ನೂಲು ಸುತ್ತಿದ ಬೀಮು ಹೊತ್ತು, ಟಂಟಂನಲ್ಲಿ ಹಾಕಿ ಶಾಲೆಯ ವರಾಂಡಕ್ಕೆ. ಮೋಟಾರು ಹೋದ ಹಿಂದೆಯೇ ಮನೆಯವರು ನಡೆದು ಬಂದರು. ಮಕ್ಕಳು, ಕೋಳಿ, ಟಿವಿ, ಎಲ್ಲ.

ಕೊನೆಯಲ್ಲಿ ದಾವಲನ ಮನೆ ಉಳಿಯಿತು. ಅಷ್ಟರಲ್ಲಿ ನೀರು ಓಣಿಯೊಳಗೆ. ತಾಯಿ ತಂಗಿಯನ್ನು ಹೊರಗೆ ತಂದ. ಮೋಟಾರು ತರಲು ಆಗಲಿಲ್ಲ.

“ನಿಂದ ಮೊದಲ ತರಬೇಕಿತ್ತಲ್ಲೋ,” ಅಂದೆ.

“ನಂದ ಮೊದಲ ತಂದಿದ್ರ ಬ್ಯಾರೆದಾವ್ರು ನನ್ನ ಮಾತು ಕೇಳ್ತಿದ್ರೇನು?” ಅಂದ. ನಕ್ಕ. ಆಮೇಲೆ ವರಾಂಡದಲ್ಲಿ ಬೇರೆಯವರ ಮೋಟಾರುಗಳ ಮೇಲೆ ತಾಡಪತ್ರಿ ಎಳೆದ.

ಜುಲೈ 25, ಗುರುವಾರ

ಶಿದ್ರಾಮಪ್ಪ ಕಾಕಾ ಹೊರಡಲೊಲ್ಲರು. ಮಾಜಿ ಅಧ್ಯಕ್ಷರು. ಊರ ನಡುವಿನ ದೊಡ್ಡ ಕಲ್ಲಿನ ಮನೆ. “ನಮ್ಮ ಮನಿತನಕ ಹೊಳಿ ಎಂದೂ ಬಂದಿಲ್ಲ” ಅಂತ ಒಂದೇ ಮಾತು. ಅವರು ಹೊರಡದೆ ಅವರ ಓಣಿಯೂ ಹೊರಡದು. ಅವರ ತಾಯಿ ಸುಂದರವ್ವ ಒಳಗೆ ಮಂಚದ ಮೇಲೆ. ನಡೆಯಲು ಬಾರದು.

ಮರೆವ್ವ ತಾನೇ ಹೋದಳು. ನಾನೂ ಜೊತೆಗೆ, ಹಿಂದೆ ದಾವಲನ ಗುಂಪು. ಮೊಣಕಾಲುದ್ದ ನೀರು. ಕಟ್ಟೆಯ ಕೆಳಗೇ ನಿಂತು ಕೂಗಿದಳು. ಮೇಲೆ ಹತ್ತಲಿಲ್ಲ. ಆ ಕಟ್ಟೆಯನ್ನು ಅವಳ ಮನೆಯವರು ಯಾರೂ ಹತ್ತಿದವರಲ್ಲ.

“ನೀ ಸಣ್ಣಾಕಿ ಇದ್ದಿ. ನಾ ಎಷ್ಟ ಮಹಾಪೂರ ನೋಡೇನಿ,” ಅಂದರು ಕಾಕಾ.

“ನೋಡಿರಿ, ಇಲ್ಲ ಅನ್ನಂಗಿಲ್ಲ. ನಿಮ್ಮ ಅವ್ವನ್ನ ಕೊಡ್ರಿ. ನೀವು ಬೇಕಾದ್ರ ಇಲ್ಲೇ ಕುಂದರ್ರಿ.”

ಒಳಗಿನಿಂದ ಮುದುಕಿಯ ದನಿ — “ಯಾರದು? ನಾ ಬರ್ತೇನಿ. ನನ್ನ ಎತ್ತರಿ.”

ಮಂಚ ಸಮೇತ ಎತ್ತಿದರು. ದಾವಲ, ಕೇರಿಯ ಇಬ್ಬರು, ಕುರುಬರ ಸಾಬಣ್ಣ. ಎತ್ತುವಾಗ ಯಾರ ಕೈ ಮಂಚದ ಯಾವ ಕಾಲಿಗೆ ಎಂದು ಯಾರೂ ನೋಡಲಿಲ್ಲ. ಕಾಕಾ ಹಿಂದೆ, ಧೋತರ ಎತ್ತಿ ಹಿಡಿದುಕೊಂಡು. ಓಣಿಯ ಮನೆಗಳು ಒಂದೊಂದಾಗಿ ಬೀಗ ಹಾಕಿದವು.

ನಾವು ದಿಬ್ಬ ಏರಿ ತಿರುಗಿ ನೋಡಿದಾಗ ಆ ಕಟ್ಟೆ ಕಾಣಲಿಲ್ಲ.

ಜುಲೈ 26, ಶುಕ್ರವಾರ. ಬೆಳಿಗ್ಗೆ

ಊರೆಲ್ಲ ಬದುಕಿದೆ. ಒಂದು ಜೀವವೂ ಹೋಗಿಲ್ಲ. ಅದನ್ನು ಖುಷಿಯಿಂದ ಬರೆಯಬೇಕೆಂದಿದ್ದೆ. ಅಷ್ಟರಲ್ಲಿ ಒಲೆಯ ಜಗಳ.

ಶಾಲೆಯ ಅಂಗಳದಲ್ಲಿ ಮರೆವ್ವನ ಅವ್ವ ಮತ್ತು ಮಗ್ಗದ ಓಣಿಯ ಹೆಂಗಸರು ಒಲೆ ಹೂಡಿದ್ದರು. ಶಿದ್ರಾಮಪ್ಪ ಕಾಕಾ ಬಂದರು, ಹಿಂದೆ ಹತ್ತಾರು ಜನ.

“ಏ ಮರೆವ್ವಾ, ಇನ್ನೊಂದ ಒಲಿ ಹಚ್ಚಸು. ನಮ್ಮ ಮಂದಿದು ಬ್ಯಾರೆ ಆಗಲಿ. ಹೋದ ಮಹಾಪೂರದಾಗ ಹಂಗ ಮಾಡಿದ್ವಿ. ಯಾರಿಗೂ ತ್ರಾಸ ಆಗಿಲ್ಲ.”

“ನಮಗ ಆಗಿತ್ರಿ,” ಅಂದಳು ಮರೆವ್ವ. ದನಿ ಏರಿಸಲಿಲ್ಲ. “ನಾನೂ ಇಲ್ಲೇ ಇದ್ದೆ, ಗ್ವಾಡಿ ಆ ಕಡೆ. ನಿಮ್ಮ ಪಂಕ್ತಿ ಏಳೂತನಕ ನಮ್ಮ ಒಲಿಗೆ ಕಟಗಿ ಬಂದಿರಲಿಲ್ಲ. ಈ ಸಲ ಒಲಿ ಒಂದ.”

“ಜೈನರದಾರ. ಅವರು ಹೆಂಗ ಉಣ್ತಾರ? ಉಳ್ಳಾಗಡ್ಡಿ ಮುಟ್ಟಂಗಿಲ್ಲ, ಬಳ್ಳೊಳ್ಳಿ ಮುಟ್ಟಂಗಿಲ್ಲ. ಅವರ ಸಲುವಾಗಿ ಆದ್ರೂ ಬ್ಯಾರೆ ಬೇಕ.”

ಎಲ್ಲರೂ ಪಾರಿಸಪ್ಪ ಕಾಕಾನ ಕಡೆ ತಿರುಗಿದರು. ಅವರು ಬಾಯಿ ತೆರೆಯುವ ಮೊದಲೇ ಕ್ಷಮಾ ಮುಂದೆ ಬಂದಳು.

“ಕಾಕಾ, ನಮಗ ಉಳ್ಳಾಗಡ್ಡಿ ಬ್ಯಾಡ್ರಿ. ಮಾಡೂ ಕೈ ಬ್ಯಾಡ ಅಂತ ನಾವು ಎಲ್ಲಿ ಅಂದೇವಿ?”

ಪಾರಿಸಪ್ಪ ಕಾಕಾ ಕೆಮ್ಮಿದರು. ಮಗಳನ್ನು ನೋಡಿದರು. ತುಂಬಿದ ಕೊಡವೊಂದನ್ನು ಎತ್ತಿ, ಮರೆವ್ವನ ಅವ್ವನ ಪಕ್ಕ ತಂದಿಟ್ಟರು.

ನಾನು ಆಗ ಅಲ್ಲಿದ್ದೆ ಎನ್ನುವುದೇ ನನಗೆ ಸಾಕು.

ಮರೆವ್ವ ಅಲ್ಲೇ ಕ್ರಮ ಹೇಳಿದಳು. ಬೇಳೆ ಮೊದಲು ಬರಿದೇ ಕುದಿಯುತ್ತದೆ. ಕತ್ತಲಾದ ಮೇಲೆ ಉಣ್ಣದ ಜೈನರಿಗೆ, ಮಕ್ಕಳಿಗೆ, ಮುದುಕರಿಗೆ ಅದನ್ನೇ ಹೊತ್ತು ಮುಳುಗುವ ಮುಂಚೆ ಬಡಿಸುವುದು. ಉಳಿದದ್ದಕ್ಕೆ ಆಮೇಲೆ ಉಳ್ಳಾಗಡ್ಡಿ ಒಗ್ಗರಣೆ. ಹೇಗೂ ಕರೆಂಟಿಲ್ಲ, ಬೆಳಕಿರುವಾಗಲೇ ಎಲ್ಲರದೂ ಮುಗಿದರೆ ಒಳ್ಳೆಯದು. ಕುಡಿಯುವ ನೀರು ಕ್ಷಮಾನ ಪಾಲಿಗೆ. ಅವರ ಮನೆಯಲ್ಲಿ ನೀರನ್ನು ಬಟ್ಟೆಯಲ್ಲಿ ಸೋಸಿಯೇ ಕುಡಿಯುವ ರೂಢಿ. ಈಗ ಊರಿಗೆಲ್ಲ ಸೋಸಿ, ಕಾಯಿಸಿ ಕೊಡುತ್ತಿದ್ದಾಳೆ.

ಅದೇ ದಿನ, ಮಧ್ಯಾಹ್ನ

ಶಿದ್ರಾಮಪ್ಪ ಕಾಕಾ ಗ್ರಂಥಾಲಯಕ್ಕೆ ಬಂದರು. ಒಬ್ಬರೇ.

“ಪೂರ್ವಾ, ಕೀಲಿ ಕೊಡು. ಹಿಂದಿನ ಖೋಲ್ಯಾಗ ಒಂದು ಗ್ಯಾಸ್ ಇಟ್ಕೋತೇವಿ. ಅವ್ವ ನಿನ್ನೆಯಿಂದ ಏನೂ ಉಂಡಿಲ್ಲ.”

ಕೀಲಿಯ ಮೇಲೆ ಕೈ ಇಟ್ಟುಕೊಂಡೆ.

“ನಿಮ್ಮಪ್ಪ ಹೋದ ಮ್ಯಾಲ ಈ ನೌಕರಿ ಕೊಡಸಿದಾಂವ ನಾನ. ಕಾಯಂ ನೌಕರಿ ಅಲ್ಲ ಇದು. ಅದೂ ನೆನಪಿರಲಿ.”

ಎರಡೂ ಖರೆ. ಕೊಡಿಸಿದ್ದೂ, ಕಾಯಂ ಅಲ್ಲದ್ದೂ. ನಮ್ಮ ಮನೆ ನಡೆಯುವುದು ಇದರಿಂದ ಮತ್ತು ಆಯಿಯ ಹೊಲಿಗೆ ಮಷಿನಿನಿಂದ. ಸಂಜೆಗೆ ಹೇಳುತ್ತೇನೆ ಎಂದೆ.

ಆಯಿ ಶಾಲೆಯ ಮೂಲೆಯಲ್ಲಿ ಯಾರದೋ ಹರಿದ ಚಾದರ ಹೊಲಿಯುತ್ತಿದ್ದಳು. ಹೇಳಿದೆ. ತಲೆ ಎತ್ತಲಿಲ್ಲ.

“ಅಗ ಪೂರ್ವಾ, ಕೀಲಿ ಯಾರ ಕಡೆ ಐತಿ?”

“ನನ್ನ ಕಡೆ.”

“ಮತ್ತ ನನಗ್ಯಾಕ ಕೇಳ್ತಿ?”

ಹೊರಗೆ ಬಂದು ಗ್ರಂಥಾಲಯದ ಬಾಗಿಲು ಅಗಲ ತೆರೆದೆ. ಮೇಜು ಕುರ್ಚಿ ಗೋಡೆಗೆ ಒತ್ತಿದೆ. ಶಾಲೆಯ ಹಾಲ್‌ನಲ್ಲಿ ಸೊಳ್ಳೆ, ತಂಡಿ ಎಂದು ಒದ್ದಾಡುತ್ತಿದ್ದ ಬಾಣಂತಿಯರನ್ನೂ ಕೂಸುಗಳನ್ನೂ ಕರೆತಂದೆ. ಹಿಂದಿನ ಕೋಣೆ ಮೊದಲು ತುಂಬಿತು. ಬೇಕೆಂದೇ ಹಾಗೆ ಮಾಡಿದೆ.

ಕಾಕಾ ಬಂದು ಬಾಗಿಲಲ್ಲಿ ನಿಂತರು.

“ಇಲ್ಲಿ ಕೂಸು ಮಲಗ್ಯಾವ್ರಿ ಕಾಕಾ. ಒಲಿ ಹಚ್ಚಾಕ ಜಾಗ ಇಲ್ರಿ.”

“ಆತು. ನೋಡ್ತೇನಿ.”

ಅವರು ಹೋದ ಮೇಲೆ ಕೂಸುಗಳ ನಡುವೆ ಕೂತೆ. ಯಾವುದೋ ಕೂಸು ನನ್ನ ಬೆರಳು ಹಿಡಿದುಕೊಂಡಿತು.

ಅದೇ ದಿನ, ಊಟದ ನಂತರ

ಇದನ್ನು ಬರೆಯದೆ ಮಲಗಲಾರೆ.

ಶಾಲೆಯ ಕೋಣೆಯಲ್ಲಿ ಸುಂದರವ್ವ ಗೋಡೆಗೆ ಮುಖ ಮಾಡಿ ಮಲಗಿದ್ದರು. ಹೊರಗೆ ಇನ್ನೂ ಬಿಸಿಲ ತುಣುಕು ಇತ್ತು. ಕ್ಷಮಾ ತನ್ನ ತಾಟು ಹಿಡಿದು ಅವರ ಮಂಚದ ಪಕ್ಕ ನೆಲದ ಮೇಲೆ ಕೂತಳು. ಉಣ್ಣತೊಡಗಿದಳು. ಬೇಳೆಯ ವಾಸನೆ ಇಡೀ ಕೋಣೆಗೆ.

ಸ್ವಲ್ಪ ಹೊತ್ತಿಗೆ ಮುದುಕಿ ಹೊರಳಿದರು. “ನೀ ಪಾರಿಸಪ್ಪನ ಮಗಳಲ್ಲ? ನೀವೂ ಉಣ್ಣಾಕತ್ತೀರೇನು ಇದನ್ನ?”

“ಹೂನ್ರಿ ಅಜ್ಜಿ. ಛಲೋ ಆಗೇತಿ.”

“ನನ್ನ ಮಗ ಉಣಬ್ಯಾಡ ಅಂದಾನ.”

“ಹಸಿವಿ ಯಾರಿಗೆ ಆಗೇತ್ರಿ? ನಿಮಗೋ, ನಿಮ್ಮ ಮಗಗೋ?”

ಹಲ್ಲಿಲ್ಲದ ಬಾಯಿ ಅಗಲವಾಯಿತು. ನಗು. ಎಷ್ಟು ನಕ್ಕರೆಂದರೆ ಕೆಮ್ಮು ಬಂತು. “ಭಾಳ ಶಾಣ್ಯಾಕಿ ಅದಿ. ತಾ, ಮೆತ್ತಗ ಕಲಸಿ ತಾ.”

ತಂದದ್ದು ಮರೆವ್ವನ ಅವ್ವ. ಕಲಸಿದ್ದೂ ಅವಳೇ. ಸುಂದರವ್ವ ಅವಳ ಕೈ ನೋಡಿದರು, ಮುಖ ನೋಡಿದರು, ಬಾಯಿ ತೆರೆದರು. ಬಾಗಿಲಲ್ಲಿ ನಿಂತಿದ್ದ ಶಿದ್ರಾಮಪ್ಪ ಕಾಕಾ ಅದನ್ನು ನೋಡಿದರು. ಹೊರಗೆ ಹೋದರು. ಅವರು ಉಂಡರೋ ಇಲ್ಲವೋ ಗೊತ್ತಿಲ್ಲ.

ಅವರ ಓಣಿಯವರು ಪಂಕ್ತಿಗೆ ಬಂದು ಕೂತರು. ಎಲ್ಲರೂ ಅಲ್ಲ. ಆದರೆ ಬಂದರು.

ಜುಲೈ 30, ಮಂಗಳವಾರ

ಬರೆಯಲು ಪುರುಸೊತ್ತಿರಲಿಲ್ಲ. ಗ್ರಂಥಾಲಯದಲ್ಲಿ ನನಗೇ ಜಾಗವಿರಲಿಲ್ಲ.

ನೀರು ನಿಂತಿದೆ. ಏರಿಲ್ಲ, ಇಳಿದೂ ಇಲ್ಲ. ಯಾರಿಗೂ ವಾಂತಿಭೇದಿ ಆಗಿಲ್ಲ. ಕ್ಷಮಾನ ಕೈಗಳು ಬಿಸಿನೀರಿನ ಹಬೆಗೆ ಕೆಂಪಾಗಿವೆ. ನರ್ಸಮ್ಮ ಬಂದವರು ಅವಳ ಬೆನ್ನು ತಟ್ಟಿ ಹೋದರು. ದಾವಲ ಪಕ್ಕದ ಚಿಮ್ಮಡದಿಂದ ಹಾಲು ತರುತ್ತಾನೆ, ಬರುವಾಗ ಒಬ್ಬರನ್ನಾದರೂ ನಗಿಸುತ್ತಾನೆ.

ಇವತ್ತು ಅಧಿಕಾರಿಯೊಬ್ಬರು ಬಂದಿದ್ದರು. ಗ್ರಂಥಾಲಯ ದುರುಪಯೋಗ ಆಗುತ್ತಿದೆ ಎಂದು ದೂರು ಹೋಗಿದೆ. ಯಾರು ಕೊಟ್ಟದ್ದೆಂದು ಕೇಳುವ ಅಗತ್ಯವಿರಲಿಲ್ಲ. ಬಾಗಿಲಲ್ಲಿ ನಿಂತು ನೋಡಿದರು. ಕೂಸುಗಳು ಮಲಗಿದ್ದವು. ದೊಡ್ಡ ಮಕ್ಕಳು ಕಪಾಟಿನ ಕೆಳಗೆ ಹೊಟ್ಟೆ ಮೇಲೆ ಮಲಗಿ ಚಿತ್ರದ ಪುಸ್ತಕ ಓದುತ್ತಿದ್ದವು. ಎಲ್ಲಾ ಓಣಿಯವು, ಒಂದೇ ಚಾಪೆ.

“ಪುಸ್ತಕ ಹೊರಗ ಹೋಗ್ಯಾವೇನಮ್ಮಾ?”

“ಇಲ್ರಿ ಸರ್. ಮಕ್ಕಳು ಒಳಗ ಬಂದಾವ್ರಿ.”

ಅದು ಹೇಗೆ ಬಾಯಿಗೆ ಬಂತೋ! ಅವರ ಮೀಸೆ ಅಲುಗಿತು. ಏನೋ ಬರೆದುಕೊಂಡರು. ಅಂಗಳಕ್ಕೆ ಬಂದು, ಇಲ್ಲಿ ಇನ್‌ಚಾರ್ಜ್ ಯಾರು ಎಂದು ಕೇಳಿದರು. ದಾವಲ ಮರೆವ್ವನನ್ನು ತೋರಿಸಿದ. ಮರೆವ್ವ ಹೇಳಿದಳು — “ನೀರಿಂದು ಕ್ಷಮಾಗ ಕೇಳ್ರಿ. ಗಾಡಿದು ದಾವಲಗ. ಮಕ್ಕಳದು, ಬಾಣಂತೇರದು, ಸಾಂಗ್ಲಿ ಸುದ್ದಿ ಪೂರ್ವಾಗ. ಬೈಗುಳ ಇದ್ರ ನನಗ ಹೇಳ್ರಿ.”

ಅವರು ಜೋರಾಗಿ ನಕ್ಕರು. ಊಟ ಮಾಡಿಯೇ ಹೋದರು.

ಆಗಸ್ಟ್ 6, ಮಂಗಳವಾರ

ನೀರು ಇಳಿದಿದೆ. ಊರೆಲ್ಲ ಕೆಸರು, ಹಾವು, ಕೊಳೆತ ಕಬ್ಬಿನ ನಾತ.

ಸುಂದರವ್ವನನ್ನು ಮನೆಗೆ ಮುಟ್ಟಿಸಿದೆವು. ಕಟ್ಟೆ ತೊಳೆದಿದ್ದರು. ಮಂಚ ಒಳಗೆ ಹೋದ ಮೇಲೆ ಮುದುಕಿಯ ದನಿ — “ಮರೆವ್ವ ಎಲ್ಲಿ? ಒಳಗ ಬಾ ಅನ್ನರಿ ಆಕಿಗೆ.”

ಮರೆವ್ವ ಕೆಳಗೇ ನಿಂತಿದ್ದಳು. ಶಿದ್ರಾಮಪ್ಪ ಕಾಕಾ ಬಾಗಿಲಲ್ಲಿ. ಬಾ ಅನ್ನಲಿಲ್ಲ, ಬೇಡ ಅನ್ನಲೂ ಇಲ್ಲ. ಅವಳು ಕಟ್ಟೆ ಹತ್ತಿದಳು. ಹೊಸ್ತಿಲ ಹೊರಗಿನಿಂದಲೇ ಬಾಗಿ ಹೇಳಿದಳು — “ಅಮ್ಮಾರ, ಇವತ್ತ ಕೇರ್ಯಾಗ ಕೆಸರ ತಗ್ಯೂದೈತಿ. ಇನ್ನೊಮ್ಮೆ ಕುಂತ ಹೋಗಾಕ ಬರ್ತೇನ್ರಿ.”

ಇಷ್ಟು ವರ್ಷಕ್ಕೆ ಕರೆದರೆಂದು ಓಡಿ ಒಳಗೆ ಹೋಗಲಿಲ್ಲ. ಕೆಲಸ ಇದ್ದವರು ಹೇಳುವ ಹಾಗೆ ಹೇಳಿ ಬಂದಳು. ದಾರಿಯುದ್ದ ನಾನು ಅವಳ ಪಕ್ಕದಲ್ಲೇ, ಬೇಕೆಂದೇ ಬೀದಿಯ ನಡುವೆ ನಡೆದೆ.

ದಾವಲನ ಮಗ್ಗಗಳ ಮೇಲೆ ಒಂದು ಮೊಳ ರಾಡಿ. ಮೋಟಾರು ಹಾಳು. ಅರ್ಧ ನೇಯ್ದ ಸೀರೆ ಮಗ್ಗದಲ್ಲೇ ಕೊಳೆತಿದೆ. ಅವನು ಅದನ್ನು ಕತ್ತರಿಸಿ ತೆಗೆಯುವಾಗ ಹೊರಗೆ ಬಂದುಬಿಟ್ಟೆ. ನೋಡಲಾಗಲಿಲ್ಲ.

ಆಗಸ್ಟ್ 19, ಸೋಮವಾರ

ಎರಡು ಸುದ್ದಿ. ಮೂರು ಅನ್ನಬೇಕೇನೋ.

ಮಗ್ಗದ ಓಣಿಯವರು ದಾವಲನಿಗೆ ಹೇಳದೆಯೇ ರಬಕವಿಯ ಮಿಸ್ತ್ರಿಯನ್ನು ಕರೆಸಿದರು. ಒಬ್ಬರು ಹಳೆಯ ಮೋಟಾರು, ಒಬ್ಬರು ಬೀಮು ಕೊಟ್ಟರು. ಕೇರಿಯ ಹುಡುಗರು ರಾಡಿ ಬಾಚಿದರು. ಇವತ್ತು ಬೆಳಿಗ್ಗೆ ಗ್ರಂಥಾಲಯಕ್ಕೆ ಹೋಗುವಾಗ ಆ ಮನೆಯಿಂದ ಖಟಖಟ ಸದ್ದು. ನಿಂತು ಕೇಳಿದೆ. ದಾವಲ ಕಿಟಕಿಯಿಂದ ಕೈ ಬೀಸಿದ. ಏನೋ ಹೇಳಿದ, ಮಗ್ಗದ ಸದ್ದಿನಲ್ಲಿ ಕೇಳಿಸಲಿಲ್ಲ.

ಗ್ರಂಥಾಲಯದ ದೂರಿನ ಮೇಲೆ ನನಗೆ ಬಂದಿದ್ದ ನೋಟಿಸಿನ ವಿಚಾರ ಮುಗಿಯಿತು. ವಿವರಣೆ ಬರೆದಿದ್ದೆ, ಮರೆವ್ವ ಪಂಚಾಯಿತಿ ಠರಾವು ಜೋಡಿಸಿದ್ದಳು. ಕ್ರಮದ ಅಗತ್ಯವಿಲ್ಲ ಎಂದು ಉತ್ತರ. ಆಯಿಗೆ ಓದಿ ಹೇಳಿದೆ. “ಬರಂ,” ಅಂದಳು. ಒಳ್ಳೆಯದಾಯಿತು ಅಂತ. ಅಷ್ಟೇ. ಆದರೆ ಮಧ್ಯಾಹ್ನ ಪುರಣಪೋಳಿ ಮಾಡಿದ್ದಳು.

ಗ್ರಾಮಸಭೆ ಇತ್ತು. ಮುಂದೆ ಎಂದೇ ಕಾಳಜಿ ಕೇಂದ್ರ ತೆರೆದರೂ ಒಲೆ ಒಂದೇ ಎಂದು ಠರಾವು. ಕೈ ಎತ್ತಿ ಎಂದಾಗ ಮೊದಲು ಎತ್ತಿದ್ದು ಪಾರಿಸಪ್ಪ ಕಾಕಾ. ಶಿದ್ರಾಮಪ್ಪ ಕಾಕಾ ಎತ್ತಲಿಲ್ಲ. ಎದ್ದೂ ಹೋಗಲಿಲ್ಲ. ಹಿಂದೆ ಕೂತಿದ್ದ ಅವರ ಮೊಮ್ಮಗಳು ಎತ್ತಿದಳು. ಇನ್ನೂ ಕಾಲೇಜು ಹುಡುಗಿ. ಸಭೆ ಮುಗಿದ ಮೇಲೆ ಮರೆವ್ವನ ಹತ್ತಿರ ಬಂದು, ಮುಂದಿನ ಸಲ ತಾನೂ ನಿಮ್ಮ ಗುಂಪಿಗೆ ಬರುತ್ತೇನೆ ಎಂದಳಂತೆ.

“ಏನಂದಿ?” ಎಂದು ಕೇಳಿದೆ.

“ಮುಂದಿನ ಸಲ ಯಾಕ, ನಾಳಿಂದ ಬಾ ಅಂದೆ.”

ಸೆಪ್ಟೆಂಬರ್ 13, ಶುಕ್ರವಾರ

ನಾಳೆ ಮುಧೋಳದಲ್ಲಿ ಸಭೆ. ಹೊಳೆದಂಡೆಯ ಊರುಗಳ ಯುವ ಪಂಚಾಯಿತಿ ಸದಸ್ಯರು, ಸ್ವಯಂಸೇವಕರು — ಜಮಖಂಡಿ, ಮುಧೋಳ, ಬೀಳಗಿ, ನಮ್ಮ ರಬಕವಿ-ಬನಹಟ್ಟಿ, ನಾಲ್ಕೂ ತಾಲೂಕಿನವರು. ಬೀಳಗಿಯ ಹಿನ್ನೀರಿನ ಹಳ್ಳಿಯ ಒಬ್ಬ ಹುಡುಗಿ ಈಗಾಗಲೇ ಫೋನ್ ಮಾಡಿ, ಒಂದೇ ಒಲೆ ಹೇಗೆ ಮಾಡಿದಿರಿ ಎಂದು ಕೇಳಿದಳು. ತಮ್ಮೂರಲ್ಲೂ ಮಾಡಬೇಕಂತೆ.

ನಮ್ಮೂರ ಪರವಾಗಿ ಮರೆವ್ವ ಮಾತಾಡುತ್ತಾಳೆ ಎಂದುಕೊಂಡಿದ್ದೆ. ಸಂಜೆ ಬಂದು ಕುರ್ಚಿ ಎಳೆದು ಕೂತಳು.

“ನೀ ಮಾತಾಡು.”

“ನಾನ್ಯಾಕ? ಅಧ್ಯಕ್ಷಿ ನೀ ಅದಿ.”

“ಅದಕ್ಕ ಹೇಳಾಕತ್ತೇನಿ. ನಾ ಒಬ್ಬಾಕಿನ ಎಲ್ಲಾ ಕಡೆ ಮಾತಾಡಿದ್ರ, ಮಾಡಿದಾಕಿನೂ ನಾ ಒಬ್ಬಾಕಿನ ಅಂತಾರ. ಕೀಲಿ ಕೊಡಲಿಲ್ಲಲ್ಲ, ಅದನ್ನ ಯಾರು ಹೇಳಬೇಕು?”

ಅವಳಿಗೆ ಗೊತ್ತಿತ್ತು. ಆಯಿಗೆ ಬಿಟ್ಟರೆ ನಾನು ಯಾರಿಗೂ ಹೇಳಿರಲಿಲ್ಲ.

ಸೆಪ್ಟೆಂಬರ್ 14, ಶನಿವಾರ. ಬೆಳಿಗ್ಗೆ

ಆಯಿ ಸೀರೆಗೆ ಇಸ್ತ್ರಿ ಮಾಡಿಟ್ಟಿದ್ದಾಳೆ. ಕನ್ನಡಿ ಮುಂದೆ ಒಮ್ಮೆ ಹೇಳಿ ನೋಡಿದೆ, ಮೊದಲ ಸಾಲೇ ತಪ್ಪಿತು. ಮೊದಲ ಸಾಲಾದರೂ ಬರೆದುಕೊಂಡರೆ ಧೈರ್ಯ.

ಎಲ್ಲರಿಗೂ ಶರಣು. ನಾನು ಗ್ರಂಥಾಲಯ ಮೇಲ್ವಿಚಾರಕಿ — ಬೇಡ. ಅದು ನೌಕರಿ. ನಾನು ಅಧ್ಯಕ್ಷರ ಗೆಳತಿ — ಅದೂ ಬೇಡ. ಎಲ್ಲರಿಗೂ ಶರಣು. ನಾನು ಪೂರ್ವಾ. ನಮ್ಮೂರನ್ನು ಮುನ್ನಡೆಸುವ ನಾಲ್ವರಲ್ಲಿ ಒಬ್ಬಳು.

ದಾವಲ ಹಾರ್ನ್ ಹೊಡೆಯುತ್ತಿದ್ದಾನೆ. ಬಂದೆ, ಬಂದೆ.